ಬಖೂರ್ ಹೊಗೆ ಮತ್ತು ಶರೀಫಾಳ ಪ್ರಶ್ನೆಗಳು

ನಮ್ಮ ಎದುರು ಮನೆಯ ಶರೀಫಾಳಿಗೆ ಪ್ರಶ್ನೆ ಕೇಳಬೇಡ ಎನ್ನುವುದೂ ಒಂದೇ, ಊಟ ಬಿಡು ಎನ್ನುವುದೂ ಒಂದೇ. ಎಸಿ ರಿಪೇರಿಗೆ ಬಂದವನನ್ನು, ಈ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ ಕೇಳಿ ತಲೆ ತಿಂದಳು. ಪಾಪ, ಅವನು ಪೈಪು ಬಿಚ್ಚಿ ತೋರಿಸಿಯೇ ಹೋಗಬೇಕಾಯಿತು. ಕಳೆದ ವರ್ಷ ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಆದಾಗಲೂ ಇದೇ ಕಥೆ. ಎಚ್ಚರವಾದ ಮಾರನೆಯ ದಿನ ಸರ್ಜನ್ ಬಂದರೆ, ತೆಗೆದ ತುಂಡನ್ನು ಏನು ಮಾಡಿದಿರಿ, ನಾನೊಮ್ಮೆ ನೋಡಬಹುದೇ ಎಂದು ಹಿಂದಿಯಲ್ಲಿ ಕೇಳಿದಳು. ಪಕ್ಕದಲ್ಲಿ ನಿಂತಿದ್ದ ನನಗೇ ತಲೆ ಸುತ್ತು ಬಂತು.

ನಾನು ಮೈಸೂರಿನವಳು, ಹೆಸರು ಚೂಡಾಮಣಿ. ಅವಳು ಉಳ್ಳಾಲದವಳು. ಇಬ್ಬರೂ ಗಲ್ಫಿಗೆ ಬಂದು ನೆಲೆಸಿದವರು. ಅಲ್ ಮುಂತಜಾ ಬಡಾವಣೆಯ ಈ ಹಳೇ ಕಟ್ಟಡದಲ್ಲಿ ನಮ್ಮಿಬ್ಬರ ಬಾಗಿಲುಗಳು ಎದುರುಬದುರು. ನನಗೆ ಮುಂಗೋಪ, ಅವಳಿಗೆ ಕುತೂಹಲ. ಹೇಗೋ ಹೊಂದಿಕೊಂಡಿದೆ.

ಅವಳ ಗಂಡ ಅಬ್ಬಾಸ್ ಅವರಿಗೆ ಸೂಕ್ ವಾಕಿಫ್ ಎಂಬ ಹಳೇ ಪೇಟೆಯಲ್ಲಿ ಬಖೂರ್ ಅಂಗಡಿ. ಬಖೂರ್ ಎಂದರೆ ಅತ್ತರಿನಲ್ಲಿ ನೆನೆಸಿದ ಪರಿಮಳದ ಮರದ ಚೂರು. ಕೆಂಡದ ಮೇಲೆ ಹಾಕಿದರೆ ಮನೆಯೆಲ್ಲ ಘಮ್ ಎನ್ನುತ್ತದೆ. ಗುರುವಾರ ಸಂಜೆ ಶರೀಫಾ ಕಿಟಕಿ ಮುಚ್ಚಿ, ಮರುದಿನದ ನಮಾಜಿಗೆ ಗಂಡ ಹಾಕಿಕೊಳ್ಳುವ ಬಟ್ಟೆಯನ್ನು ಆ ಹೊಗೆಗೆ ಹಿಡಿಯುವಳು. ನೆಂಟರು ಬಂದರೂ ಹೊಗೆ, ಹೋಗುವಾಗಲೂ ಹೊಗೆ.

ಸಿಗರೇಟು ಮುಟ್ಟದವಳಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದದ್ದು ಹೇಗೆ? ಈ ಪ್ರಶ್ನೆ ಅವಳನ್ನು ಬಿಡಲಿಲ್ಲ. ಅವಳು ಗೋಳಾಡುತ್ತಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಮನೆಯೊಳಗಿನ ಗಾಳಿಯ ಬಗ್ಗೆ ಸಂಶೋಧನೆ ನಡೆಯುತ್ತಿದೆ ಎಂದು ಗೊತ್ತಾದ ಕೂಡಲೇ ಹೆಸರು ಕೊಟ್ಟು ಬಂದಳು.

ಸಂಶೋಧನೆಯ ತಂಡದಿಂದ ರೋಶ್ನಿ ಎಂಬ ಹುಡುಗಿ ಬಂದಳು. ಮಂಗಳೂರಿನವಳೇ. ಹಾಲ್‌ನಲ್ಲಿ ಒಂದು ಬಿಳಿ ಪೆಟ್ಟಿಗೆ ಇಟ್ಟಳು. ಗಾಳಿಯಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಅದು ಅಳೆಯುತ್ತದಂತೆ. "ಒಂದು ವಾರ ನೀವು ಯಾವಾಗಿನ ಹಾಗೆಯೇ ಇರಿ ಶರೀಫಕ್ಕ. ಅದಿಲ್ಲಿ ಉಂಟು ಅಂತ ಮರೆತುಬಿಡಿ," ಎಂದು ಹೇಳಿ ಹೋದಳು.

ಮರೆಯಲು ಅಬ್ಬಾಸ್ ಬಿಟ್ಟರೆ ತಾನೆ? ಮದುವೆಗೆ ಹೆಣ್ಣು ನೋಡಲು ಬರುತ್ತಾರೇನೋ ಎಂಬಂತೆ ಮನೆ ಒರೆಸಿದರು. ಮೀನು ಹುರಿಯುವುದು ಬೇಡ ಎಂದರು. ಗುರುವಾರ ಶರೀಫಾ ಕೆಂಡದ ಪಾತ್ರೆ ಹುಡುಕಿದರೆ ಪಾತ್ರೆಯೇ ಇಲ್ಲ. "ಇದ್ದಿಲು ಖಲಾಸ್. ಪಾತ್ರೆ ಅಂಗಡಿಯಲ್ಲಿ ಉಂಟು," ಎಂದರಂತೆ.

ಮರುದಿನ ಮಧ್ಯಾಹ್ನ ನಾವೆಲ್ಲ ಒಟ್ಟಿಗೆ ಸಾಮಾನು ತಂದೆವು. ಅಬ್ಬಾಸರ ಕಾರಿನ ಡಿಕ್ಕಿಯಿಂದ ಅಕ್ಕಿ ಚೀಲ ಎತ್ತಿದಾಗ ಅದರ ಹಿಂದೆ ಪಾತ್ರೆ, ಇದ್ದಿಲು, ಬಖೂರ್ ಡಬ್ಬಿ ಎಲ್ಲವೂ ಹಳೇ ಟವೆಲಿನಲ್ಲಿ ಸುತ್ತಿಟ್ಟಿದ್ದು ಕಂಡಿತು.

"ಇದೆಂತ ಮಾರಾಯ್ರೆ, ಕಳ್ಳಮಾಲು ಇಟ್ಟ ಹಾಗೆ?" ಎಂದಳು ಶರೀಫಾ.

ಅಬ್ಬಾಸ್ ಟವೆಲನ್ನು ಮತ್ತೆ ಸುತ್ತಲು ಹೋದರು. ನನಗೆ ಮೈ ಉರಿದುಹೋಯಿತು. "ಏನ್ರೀ ಇದು? ಅವಳು ಅಷ್ಟು ಆಸೆಯಿಂದ ಸೇರ್ಕೊಂಡಿದಾಳೆ, ನೀವು ಹೀಗಾ ಮಾಡೋದು?" ಎಂದು ರೇಗಿದೆ.

"ನಿಮಗೆ ಗೊತ್ತಿಲ್ಲ ಚೂಡಕ್ಕ," ಎಂದರು. "ಆ ಪೆಟ್ಟಿಗೆ ಎಂತಾದರೂ ಹೇಳಿದ್ರೆ? ಇಷ್ಟು ವರ್ಷ ಅಂಗಡಿಯಿಂದ ತಂದು ಕೊಟ್ಟದ್ದು ನಾನೇ ಅಲ್ವಾ? ನನ್ನ ಕೈಯಿಂದಲೇ ಇವಳಿಗೆ ಹೀಗಾದದ್ದು ಅಂತ ಆದ್ರೆ ನಾನು ಎಲ್ಲಿಗೆ ಹೋಗ್ಲಿ?"

ನನ್ನ ಕೋಪ ಅಲ್ಲೇ ಇಳಿದುಹೋಯಿತು. ಆ ಮನುಷ್ಯ ವರ್ಷವಿಡೀ ಇದನ್ನು ಎದೆಯಲ್ಲಿಟ್ಟುಕೊಂಡು ವ್ಯಾಪಾರ ಮಾಡಿದ್ದರು.

"ತಂದದ್ದು ನೀವು, ಹೊಗೆ ಹಾಕಿದ್ದು ನಾನು," ಎಂದಳು ಶರೀಫಾ. "ಖುಷಿಯಿಂದಲೇ ಹಾಕಿದ್ದು. ನಾವು ಸುಳ್ಳು ಗಾಳಿ ತೋರಿಸಿದ್ರೆ ನಾಳೆ ಇನ್ನೊಬ್ಬಳಿಗೆ ಹೇಗೆ ಗೊತ್ತಾಗುದು ಹೇಳಿ?" ಅಲ್ಲಿಂದಲೇ ರೋಶ್ನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ರೋಶ್ನಿ ನಕ್ಕಳು. ಪೆಟ್ಟಿಗೆ ಬಂದೊಡನೆ ಮನೆ ತೊಳೆಯುವವರು ತುಂಬ ಜನ ಇದ್ದಾರಂತೆ. ಇನ್ನೊಂದು ವಾರ ಇಡೋಣ ಎಂದಳು.

ಆ ವಾರ ಮೀನು ಹುರಿದರು, ಗುರುವಾರ ನೆಂಟರನ್ನು ಕರೆದು ಹೊಗೆಯನ್ನೂ ಹಾಕಿದರು. ಶರೀಫಾ ಮಾತ್ರ ಹೊಗೆ ಕರಗುವ ತನಕ ನಮ್ಮ ಮನೆಯಲ್ಲಿ ಕೂತಿದ್ದಳು. ನಾನೇ ಎಳೆದು ತಂದಿದ್ದೆ.

ವಾರ ಮುಗಿದ ಮೇಲೆ ರೋಶ್ನಿ ಗ್ರಾಫ್ ತಂದು ತೋರಿಸಿದಳು. ಗೆರೆ ಸಪಾಟಾಗಿ ಬಂದು, ಗುರುವಾರ ಸಂಜೆ ನೇರ ಮೇಲಕ್ಕೆ ಹಾರಿತ್ತು. ಮೀನಿನ ಹೊಗೆಯೂ ಇತ್ತು, ಆದರೆ ಇದರ ಮುಂದೆ ಅದು ಏನೂ ಅಲ್ಲ. ಅಬ್ಬಾಸ್ ಕೆಮ್ಮುತ್ತಾ ಬಾಗಿಲ ಹತ್ತಿರವೇ ನಿಂತಿದ್ದರು.

"ಹಾಗಾದ್ರೆ ನನಗೆ ಇದರಿಂದಲೇ ಬಂದದ್ದಾ?" ಶರೀಫಾ ಕೇಳಿಯೇಬಿಟ್ಟಳು.

"ಹಾಗೆ ಒಬ್ಬರಿಗೆ ಅಂತ ಹೇಳ್ಲಿಕ್ಕೆ ಆಗುದಿಲ್ಲ ಶರೀಫಕ್ಕ. ಹೊಗೆ ಒಳ್ಳೆಯದಲ್ಲ, ಅಷ್ಟು ಗೊತ್ತುಂಟು. ತುಂಬ ಮನೆಗಳ ಲೆಕ್ಕ ಸೇರಿದ್ರೆ ಇನ್ನೂ ಸ್ವಲ್ಪ ಗೊತ್ತಾಗ್ಬಹುದು. ನಿಮ್ಮದಕ್ಕೆ ಇದೇ ಕಾರಣ ಅಂತ ಯಾರಿಗೂ ಹೇಳ್ಲಿಕ್ಕಾಗುದಿಲ್ಲ."

"ಅಲ್ಲ ಅಂತಾದ್ರೂ ಹೇಳಿ," ಎಂದರು ಅಬ್ಬಾಸ್.

"ಅದೂ ಹೇಳ್ಲಿಕ್ಕಾಗುದಿಲ್ಲ ಅಬ್ಬಾಸಣ್ಣ."

ಶರೀಫಾ ಇನ್ನೂ ಗ್ರಾಫನ್ನೇ ನೋಡುತ್ತಿದ್ದಳು. "ವಾರಕ್ಕೊಮ್ಮೆ ಹಾಕಿದ್ರೆ ಇಷ್ಟು ಮೇಲೆ," ಎಂದಳು ನಿಧಾನವಾಗಿ. "ದಿನವಿಡೀ ಹೊಗೆಯಲ್ಲೇ ಕೂತವರದ್ದು ಎಷ್ಟಿರ್ಬಹುದು?"

ಅಬ್ಬಾಸರ ಅಂಗಡಿಯಲ್ಲಿ ಗಿರಾಕಿಗಳನ್ನು ಕರೆಯಲು ಬೆಳಗಿನಿಂದ ಕೆಂಡ ಆರುವುದೇ ಇಲ್ಲ. ಅದು ನಮಗೆಲ್ಲ ಗೊತ್ತಿತ್ತು. ಆದರೂ ಇಷ್ಟು ದಿನ ಎಲ್ಲರೂ ಶರೀಫಾಳ ಎದೆಯನ್ನು ಮಾತ್ರ ನೋಡಿದ್ದೆವು, ಅಬ್ಬಾಸರೂ ಸೇರಿ.

"ನನಗೆ ಎಂತ ಆಗ್ಲಿಕ್ಕುಂಟು?" ಎಂದು ಅವರು ನಗಲು ನೋಡಿದರು. "ಈ ಕೆಮ್ಮು ಧೂಳಿನದ್ದು."

ಶರೀಫಾ ಅವರ ಮುಖವನ್ನೇ ನೋಡಿದಳು. "ಯಲ್ಲಾ, ಹೊರಡಿ, ನಾಳೆ ಆಸ್ಪತ್ರೆಗೆ ಹೋಗುವ," ಎಂದಳು.

ಸ್ಕ್ಯಾನ್ ಆಯಿತು. ರಿಪೋರ್ಟ್ ಹೇಳುವ ದಿನ ನಾನೂ ಜೊತೆಗೆ ಹೋದೆ. ಅವಳು ಡಾಕ್ಟರನ್ನು ಕೇಳಲು ಏನೇನು ತಯಾರಿ ಮಾಡಿಕೊಂಡಿರುತ್ತಾಳೋ ಎಂದುಕೊಂಡಿದ್ದೆ. ಕುರ್ಚಿಯಲ್ಲಿ ಕೂತವಳು ಬಾಯಿ ಬಿಡಲಿಲ್ಲ. ಎದುರಿನ ಮೆಷಿನ್ ಯಾವುದು, ನರ್ಸ್ ಯಾವ ಊರಿನವಳು ಎಂದು ಕೂಡ ಕೇಳಲಿಲ್ಲ. ಅವಳು ಹಾಗೆ ಕೂತಿದ್ದನ್ನು ನೋಡಿ ನನಗೆ ಹೆದರಿಕೆಯಾಯಿತು.

ಅಬ್ಬಾಸರ ಹೆಸರು ಕರೆದರು. ಅವರು ಎದ್ದು ಅಂಗಿ ಸರಿಮಾಡಿಕೊಂಡು ಒಳಗೆ ಹೊರಟರು. ಶರೀಫಾ ಎದ್ದವಳು ಬಾಗಿಲ ಹತ್ತಿರ ನಿಂತು ನನ್ನ ಕೈ ಹಿಡಿದಳು.

"ಚೂಡಕ್ಕ, ನೀವೂ ಒಳಗೆ ಬನ್ನಿ," ಎಂದಳು. "ಇವತ್ತು ನೀವೇ ಕೇಳಿ."