ಪರದೆಗೆ ತಲುಪದ ಸುದ್ದಿ

ಎರಡು ಸಾವಿರದ ದಶಕದಲ್ಲಿ ಮೂಡುಬಿದಿರೆಯಲ್ಲಿ ನಾನೂ ಗೆಳೆಯನೊಬ್ಬನೂ ಖಾಸಗಿ ಬಸ್ಸುಗಳಿಗಾಗಿ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದಿದ್ದೆವು. ಅದರಲ್ಲಿ ಊರುಗಳು ಬಿಂದುಗಳು, ರಸ್ತೆಗಳು ಅವನ್ನು ಸೇರಿಸುವ ಗೆರೆಗಳು. ಗೆರೆಯೊಂದನ್ನು ಅಳಿಸಿದರೆ ಆ ಸುದ್ದಿ ಮೊದಲು ಟಿಕೆಟ್ ದರ ಲೆಕ್ಕ ಹಾಕುವ ಭಾಗಕ್ಕೆ, ಆಮೇಲೆ ಬಸ್ ನಿಲ್ದಾಣದ ಪರದೆಗೆ ಹೋಗಬೇಕು.

ವಾಮದಪದವಿನ ದಾರಿಯ ಕಿರುಸೇತುವೆ ಕುಸಿದ ಬೆಳಿಗ್ಗೆ ಆ ಗೆರೆಯನ್ನು ಅಳಿಸಿದೆವು. ಇಲ್ಲದ ದಾರಿಗೆ ದರ ಕಟ್ಟಲಾಗದೆ ದರದ ಭಾಗ ದೋಷ ತೋರಿಸಿ ನಿಂತುಬಿಟ್ಟಿತು. ಸುದ್ದಿ ಅದನ್ನು ದಾಟಲೇ ಇಲ್ಲ. ಪರದೆ ಆ ದಾರಿಯ ಬಸ್ಸನ್ನು ಇನ್ನೂ ತೋರಿಸುತ್ತಿತ್ತು.

ಅದನ್ನು ನಂಬಿ ವೃದ್ಧೆಯೊಬ್ಬರು ಕಾದು ಕುಳಿತಿದ್ದರು. ವಾಮದಪದವಿನಲ್ಲಿ ಅವರ ತಮ್ಮ ತೀರಿಕೊಂಡಿದ್ದರು. ಶವವನ್ನು ಮನೆಯಿಂದ ದಫನಕ್ಕೆ ಎತ್ತಿದ ಮೇಲೆ ಹೆಂಗಸರಿಗೆ ಮುಖ ನೋಡಲು ಸಿಗುವುದಿಲ್ಲ. ಬಂಟ್ವಾಳದ ಮೇಲೆ ಸುತ್ತಿ ಹೋಗುವ ಬಸ್ಸು ಅವರ ಎದುರೇ ಹೊರಟುಹೋಗಿತ್ತು.

“ಆ ಬಸ್ಸು ಇವತ್ತಿಲ್ಲ ಉಮ್ಮ,” ಎಂದ ನಿಲ್ದಾಣದ ಏಜೆಂಟ್.

“ಟಿ.ವಿ.ಯಲ್ಲಿ ಉಂಟಂತಲ್ಲ ಮಗಾ?”

ಈ ಮಾತನ್ನು ನಾನೇ ಕೇಳಿದೆನೋ, ಏಜೆಂಟ್ ಬಂದು ಹೇಳಿದನೋ, ಈಗ ಖಚಿತವಿಲ್ಲ.

ದೋಷ ಬಂದರೆ ಎಲ್ಲವನ್ನೂ ಮೊದಲಿನಂತೆ ಮಾಡಿಬಿಡಬೇಕು ಎಂದು ನಾನು ಕಾಲೇಜಿನಲ್ಲಿ ಕಲಿತದ್ದನ್ನು ಹೇಳಿದೆ.

“ಗೆರೆ ನೀನು ವಾಪಸ್ ಹಾಕ್ತಿ. ಸೇತುವೆ ಯಾರು ವಾಪಸ್ ಇಡುವುದು ಮಾರಾಯ?” ಎಂದ ಗೆಳೆಯ. “ದರದ ಭಾಗದ ಹಾಗೆ ಒಬ್ಬ ಎಡವಿದ್ರೂ ಉಳಿದವರಿಗೆಲ್ಲ ಸುದ್ದಿ ಹೇಳುವ. ಯಾರು ಎಡವಿದ್ದು ಅಂತ ಆಮೇಲೆ ನೋಡುವ.”

ಹಾಗೆಯೇ ತಿದ್ದಿದೆವು, ಸುದ್ದಿ ಪರದೆಗೆ ತಲುಪಿತು. ಅಷ್ಟರಲ್ಲಿ ಏಜೆಂಟ್ ಆ ವೃದ್ಧೆಯನ್ನು ಜೀಪಿಗೆ ಹತ್ತಿಸಿದ್ದ. ಅವರು ತಲುಪುವಾಗ ಗಂಡಸರು ದಫನ ಮುಗಿಸಿ ಮಸೀದಿಯಿಂದ ಮರಳುತ್ತಿದ್ದರಂತೆ.