ಅಟ್ಟದಿಂದ ಇಳಿದ ತಾಟುಗಳು

1997ರಲ್ಲಿ ನಾನು ಯಲಬುರ್ಗಾದ ಸರಕಾರಿ ಶಾಲೆಗೆ ವರ್ಗವಾಗಿ ಬಂದೆ. ಆಗ ಹಿಡಿದ ಬಾಡಿಗೆ ಮನೆಯ ಪಕ್ಕದ ಒಂದೇ ಖೋಲಿಯ ಮನೆಯಲ್ಲಿ ಹಜರತಬೀ ಇದ್ದಳು. ನನಗಿಂತ ಎರಡು ವರ್ಷ ಚಿಕ್ಕವಳು. ಗಂಡ ನೂರಸಾಬ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದ. ಹಜರತಬೀ ಮದುವೆ, ಕುಬಸ, ಉರುಸು, ಯಾರ ಮನೆಯಲ್ಲಿ ದೊಡ್ಡ ಊಟವಿದ್ದರೂ ಪಾತ್ರೆ ತಿಕ್ಕಲು ಹೋಗುತ್ತಿದ್ದಳು. ಎದುರು ಮನೆಯ ಮಾರೆವ್ವ ಅವಳ ಜೋಡಿ. ಇಬ್ಬರೂ ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಊರಿನ ಸುದ್ದಿಯನ್ನೆಲ್ಲ ಮಾತಾಡುತ್ತ, ಮುನ್ನೂರು ತಾಟು ತೊಳೆದು ಹೊತ್ತು ಮುಳುಗುವುದರೊಳಗೆ ಮನೆಗೆ ಬರುತ್ತಿದ್ದರು.

ಏಳೆಂಟು ವರ್ಷಗಳಲ್ಲಿ ಆ ಕೆಲಸ ಕಡಿಮೆಯಾಯಿತು. ಥರ್ಮಾಕೋಲ್ ತಾಟು ಬಂದವು. ಪ್ಲಾಸ್ಟಿಕ್ ಲೋಟ ಬಂದವು. ಉಂಡವರು ಎದ್ದು ಹೋದ ಮೇಲೆ ಎಲ್ಲವನ್ನೂ ಗುಡಿಸಿ ಒಂದು ಕಡೆ ಒಟ್ಟಿದರೆ ಮುಗಿಯಿತು. ಅನ್ನ ಬೇಯಿಸಿದ ದೊಡ್ಡ ಪಾತ್ರೆಗಳಷ್ಟೇ ಇವರ ಪಾಲಿಗೆ ಉಳಿದವು. ಕೂಲಿ ಕಡಿಮೆಯಾದರೂ ಹಜರತಬೀ ಆಗ ಬೇಸರ ಮಾಡಿಕೊಳ್ಳಲಿಲ್ಲ. "ಸೊಂಟಕ್ಕ ಆರಾಮ ಆತು ಬಿಡ್ರಿ ಅಕ್ಕೋರ" ಎಂದು ನನಗೇ ಹೇಳಿದ್ದಳು.

2009ರ ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿಯಿತು. ಹನಿ ನೀರಿಗೆ ಬಾಯಿ ಬಿಡುವ ನಮ್ಮ ಊರಿನಲ್ಲಿ ನಾಲ್ಕು ದಿನ ಬಿಡದೆ ಸುರಿಯಿತು. ಮೂರನೆಯ ದಿನ ಓಣಿಯ ಗಟಾರ ತುಂಬಿ, ಹೊಲಸು ನೀರು ತಗ್ಗಿನಲ್ಲಿದ್ದ ಹಜರತಬೀಯ ಮನೆಗೆ ನುಗ್ಗಿತು. ಜೋಳದ ಚೀಲ ತೊಯ್ದು ಹೋಯಿತು. ನೂರಸಾಬ ಸಾಮಾನು ಎತ್ತಿಡುತ್ತಿದ್ದ. ಹಜರತಬೀ ಮಾತ್ರ ಸೆರಗು ಸಿಕ್ಕಿಸಿ, ಮೊಣಕಾಲುದ್ದ ನೀರಿನಲ್ಲಿ ಓಣಿಯ ತುದಿಯ ಸಣ್ಣ ಸೇತುವೆಯ ತನಕ ಹೋದಳು. ಹಿಂದೆಯೇ ಮಾರೆವ್ವ, ಅವಳ ಹಿಂದೆ ಕೊಡೆ ಹಿಡಿದು ನಾನು.

ಸೇತುವೆಯ ಬಾಯಿ ಕಟ್ಟಿಕೊಂಡಿತ್ತು. ಹಜರತಬೀ ಕೈ ಹಾಕಿ ಎಳೆದಳು. ಥರ್ಮಾಕೋಲ್ ತಾಟುಗಳು ಒಂದಕ್ಕೊಂದು ಅಂಟಿಕೊಂಡು ಹಿಡಿಹಿಡಿಯಾಗಿ ಬಂದವು. ಕೆಲವಕ್ಕೆ ಇನ್ನೂ ಅರಿಶಿಣದ ಕಲೆ ಇತ್ತು. ಅವಳು ಒಂದು ತಾಟನ್ನು ಹಿಡಿದು ನೋಡುತ್ತ ನಿಂತಳು.

"ಮಾರೆವ್ವ, ಇವು ಹೋದ ತಿಂಗಳು ನಾವ ಗುಡಿಸಿ ಗಟಾರದ ಬಾಜೂಕ ಹಾಕಿದ್ವು."

"ಹಾಕ್ರಿ ಅಂದ್ರು, ಹಾಕಿದ್ವಿ. ನಮ್ಮದೇನು ತಪ್ಪೈತಿ?" ಎಂದಳು ಮಾರೆವ್ವ.

"ಕೈ ನಮ್ಮವಲ್ಲೇನು?"

ಒಂದು ತಾಸು ಎಳೆದ ಮೇಲೆ ನೀರು ಸರಾಗ ಹರಿಯಿತು. ಹಜರತಬೀಯ ಮನೆಯ ಗೋಡೆ ಒಣಗಲು ದೀಪಾವಳಿ ದಾಟಿತು.

ಅದೇ ದೀಪಾವಳಿಗೆ ಮೊದಲು ಅವಳು ನನ್ನ ಮನೆಗೆ ಬಂದು ಕೇಳಿದಳು: "ಅಕ್ಕೋರ, ನಿಮ್ಮ ಅಟ್ಟದ ಮ್ಯಾಲೆ ಸ್ಟೀಲಿನ ತಾಟು ಎಷ್ಟು ಅದಾವು?"

ನನಗೆ ಗೊತ್ತಿರಲಿಲ್ಲ. ಹತ್ತಿ ನೋಡಿದರೆ ಹದಿನಾಲ್ಕು ಸಿಕ್ಕವು. ಎಲ್ಲ ನನ್ನ ಮದುವೆಯಲ್ಲಿ ಮುಯ್ಯಿ ಬಂದವು, ಅಂಚಿಗೆ ಕೊಟ್ಟವರ ಹೆಸರು ಕೊರೆಸಿದವು. ಒಮ್ಮೆಯೂ ಬಳಸಿರಲಿಲ್ಲ. ನಮ್ಮ ಕಡೆ ಯಾರ ಮನೆಯ ಅಟ್ಟ ನೋಡಿದರೂ ಇದೇ ಕಥೆ.

"ಎರಡು ಇಟಗೋರಿ, ಉಳಿದವು ಕೊಡ್ರಿ. ಓಣ್ಯಾಗ ಯಾರ ಮನ್ಯಾಗ ಊಟ ಇದ್ರೂ ಒಯ್ಯಲಿ. ನಿಮಗ ಬೇಕಾದಾಗ ನಿಮಗೂ ಸಿಗತಾವು."

ಹೀಗೆ ಅವಳು ಮನೆಮನೆ ತಿರುಗಿದಳು. ಮೊದಲು ತನ್ನವು ಹನ್ನೊಂದು, ಮಾರೆವ್ವನವು ಒಂಬತ್ತು ಹಾಕಿ ಆಮೇಲೆ ಬೇರೆಯವರನ್ನು ಕೇಳಿದ್ದರಿಂದ ಯಾರಿಗೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಒಂದೂವರೆ ತಿಂಗಳಲ್ಲಿ ಎರಡು ನೂರು ದಾಟಿತು. ಬಾಡಿಗೆ ಇಲ್ಲ. ಒಯ್ದವರು ತೊಳೆದು ತರಬೇಕು. ಇಲ್ಲವೇ ಇವರಿಬ್ಬರಿಗೆ ತೊಳೆಯುವ ಕೂಲಿ ಕೊಡಬೇಕು. ಅಷ್ಟೇ ಕರಾರು.

ಬೇರೆ ಯಾರೂ ಬಾಯಿಬಿಟ್ಟು ಹೇಳದ ಮಾತನ್ನು ಅವಳೇ ಎತ್ತಿದಳು. "ಮಟನ್ ಊಟಕ್ಕ ಒಯ್ದ ತಾಟಿನಾಗ ಹೋಳಿಗಿ ಊಟ ಮಾಡೋರು ಉಣ್ಣೂದಿಲ್ಲ. ಅದರಾಗ ಸಿಟ್ಟಾಗೂದೇನೈತಿ? ಎರಡು ಪಾಲು ಮಾಡೂಣು." ಅರ್ಧದಷ್ಟು ತಾಟುಗಳ ಬೆನ್ನಿಗೆ ಕೆಂಪು ಬಣ್ಣದ ಬೊಟ್ಟು ಇಟ್ಟು, ಮಟನ್ ಊಟಕ್ಕೆಂದು ತನ್ನ ಮನೆಯಲ್ಲಿಟ್ಟುಕೊಂಡಳು. ಬೊಟ್ಟಿಲ್ಲದವು ನನ್ನ ಮನೆಯ ಟ್ರಂಕಿಗೆ ಬಂದವು. ಅಪ್ಪಿತಪ್ಪಿ ಕೂಡ ಅವು ಬೆರೆಯಲು ಅವಳು ಬಿಟ್ಟದ್ದನ್ನು ನಾನು ನೋಡಿಲ್ಲ.

ಓಣಿಯ ದೊಡ್ಡ ಮನೆ ಕಾಳುಕಡಿ ವ್ಯಾಪಾರಿ ಶರಣಬಸಪ್ಪನವರದು. ಮರುವರ್ಷ ಬೇಸಿಗೆಯಲ್ಲಿ ಅವರ ಬಸುರಿ ಸೊಸೆ ರಂಜಿತಾಳ ಕುಬಸ ನಿಶ್ಚಯವಾಯಿತು. ಹಜರತಬೀ ಹೋಗಿ ಸ್ಟೀಲಿನ ತಾಟು ಒಯ್ಯಿರಿ ಎಂದು ಕೇಳಿದಾಗ ಅವರು ತಲೆ ಅಲ್ಲಾಡಿಸಿದರು.

"ಕುಡಿಯಾಕ ನೀರು ಎಂಟು ದಿನಕ್ಕೊಮ್ಮೆ ಬರತಾವು. ತಾಟು ತೊಳಿಯಾಕ ಎಲ್ಲಿಂದ ತರೂಣು? ಉಂಡು ಒಗದ್ರ ನೀರರೆ ಉಳಿತೈತಿ."

ಮಾತು ಸುಳ್ಳಲ್ಲ. ಬೇಸಿಗೆಯಲ್ಲಿ ನಾವೆಲ್ಲ ಟ್ಯಾಂಕರ್ ದಾರಿ ಕಾಯುವವರೇ.

"ಹೌದ್ರಿ ಸಾವಕಾರ್ರ, ನೀರಿಲ್ಲ. ನಾಳೆ ಮುಂಜಾನೆ ಅಕ್ಕೋರ ಮನಿ ಮುಂದ ಬರ್ರಿ. ನೂರು ತಾಟು ತೊಳಿತೀನಿ. ಎಷ್ಟು ನೀರು ಹತ್ತತೈತಿ ನೀವ ನೋಡ್ರಿ. ಆಮ್ಯಾಲೆ ಬ್ಯಾಡ ಅಂದ್ರ ಬ್ಯಾಡ."

ಮುಂಜಾನೆ ಶರಣಬಸಪ್ಪ ನಿಜವಾಗಿಯೂ ಬಂದು ನನ್ನ ಕಟ್ಟೆಯ ಮೇಲೆ ಕೂತರು. ಹಜರತಬೀ ನೂರು ತಾಟಿಗೆ ಸಾರು, ಎಣ್ಣೆ ಸವರಿ ಇಟ್ಟಿದ್ದಳು. ಮೊದಲು ನೀರು ಮುಟ್ಟಲೇ ಇಲ್ಲ. ಒಲೆಯ ಸೋಸಿದ ಬೂದಿ ಉದುರಿಸಿ, ತೆಂಗಿನ ನಾರಿನಿಂದ ಒಣ ಒಣವೇ ತಿಕ್ಕಿ ಜಿಡ್ಡು ತೆಗೆದಳು. ಆಮೇಲೆ ಸಾಲಾಗಿಟ್ಟ ಮೂರು ಅಗಲ ಬೋಗುಣಿಗಳಲ್ಲಿ ಒಂದರ ನಂತರ ಒಂದರಲ್ಲಿ ಅದ್ದಿ ತೆಗೆದಳು. ಮಾರೆವ್ವ ಬಟ್ಟೆಯಿಂದ ಒರೆಸಿ ಬಿಸಿಲಿಗೆ ಬೋರಲಿಟ್ಟಳು. ಒಂಬತ್ತು ಕೊಡ ನೀರಿನಲ್ಲಿ ಎಲ್ಲ ಮುಗಿಯಿತು. ಕೊನೆಗೆ ಮೊದಲ ಬೋಗುಣಿಯ ನೀರನ್ನು ನನ್ನ ನುಗ್ಗೆ ಗಿಡದ ಬುಡಕ್ಕೆ ಸುರಿದಳು.

ಶರಣಬಸಪ್ಪ ಒಂದು ತಾಟನ್ನು ಎತ್ತಿ, ಮೂಸಿ, ಬಿಸಿಲಿಗೆ ಹಿಡಿದು ನೋಡಿದರು. "ಛಲೋ ಅದಾವು. ಕಳಿಸು" ಎಂದು ಎದ್ದು ಹೋದರು.

ಕುಬಸದ ಊಟ ಚೆನ್ನಾಗಿಯೇ ಆಯಿತು. ತಾಟಿನ ಅಂಚಿನ ಹೆಸರು ಓದಿ, ಇದು ಯಾರ ಮದುವೆಯದು, ಅದು ಯಾರ ಮದುವೆಯದು ಎಂದು ಹೆಂಗಸರು ನಗಾಡಿದರು. ಆದರೆ ಸಂಜೆ ಜೋಡಿಸುವಾಗ ಇಪ್ಪತ್ತೇಳು ತಾಟು ಕಡಿಮೆ ಬಂದವು. ಮಾರೆವ್ವ ಸಿಟ್ಟಿಗೆದ್ದು, ಯಾರೋ ಚೀಲಕ್ಕೆ ಹಾಕಿಕೊಂಡು ಹೋಗಿದ್ದಾರೆ ಎಂದಳು. ಹಜರತಬೀ ಯಾರ ಮೇಲೂ ಬೆರಳು ಮಾಡಲಿಲ್ಲ. ರಾತ್ರಿ ನಿದ್ದೆ ಮಾಡಿದಳೋ ಇಲ್ಲವೋ, ಬೆಳಿಗ್ಗೆ ಬಂದು, "ಜನಕ್ಕ ಒಗೆಯೂದು ರೂಢಿ ಆಗೈತ್ರಿ ಅಕ್ಕೋರ. ತಿಪ್ಪಿ ನೋಡೂಣು" ಎಂದಳು.

ಅವಳ ಮಾತು ನಿಜವಾಯಿತು. ಊರ ಹೊರಗಿನ ತಿಪ್ಪೆಯಲ್ಲಿ ಹಿಂದಿನ ದಿನದ ಅನ್ನ, ಕೋಸಂಬರಿ, ಪ್ಲಾಸ್ಟಿಕ್ ಲೋಟಗಳ ರಾಶಿಯ ನಡುವೆ ಸ್ಟೀಲಿನ ಅಂಚು ಹೊಳೆಯುತ್ತಿತ್ತು. ಉಂಡವರು ಮಾತಾಡುತ್ತ, ಕೈಯಲ್ಲಿರುವುದು ಏನೆಂದು ನೋಡದೆ, ಕಸದ ಬುಟ್ಟಿಗೆ ಎಸೆದು ಹೋಗಿದ್ದರು. ಅವಳೂ ಮಾರೆವ್ವನೂ ಬಗ್ಗಿ ಕೆದರುತ್ತಿದ್ದಾಗ ಹೊಲದ ಕಡೆ ಹೊರಟಿದ್ದ ಶರಣಬಸಪ್ಪ ಅಲ್ಲಿ ಬೈಕು ನಿಲ್ಲಿಸಿದರು.

"ಏನು ಹುಡಕಾಕತ್ತೀಯವ?"

"ನಿಮ್ಮ ಮನಿ ಊಟದ ತಾಟ್ರಿ" ಎಂದಳು ಹಜರತಬೀ. ಕೈಯಲ್ಲಿ ಹತ್ತೊಂಬತ್ತು ಇದ್ದವು.

ಅವರು ಬೈಕಿನಿಂದ ಇಳಿದರು. ಆಮೇಲೆ ಧೋತರ ಮೇಲೆ ಕಟ್ಟಿ ತಾವೂ ಒಂದು ಕೋಲು ಹಿಡಿದರು. ಇನ್ನೂ ಐದು ಸಿಕ್ಕವು. ಮೂರು ಸಿಗಲೇ ಇಲ್ಲ. ಆ ಸಂಜೆ ಅವರ ಮನೆಯ ಅಟ್ಟದಿಂದ ಎಂಬತ್ತು ತಾಟು ಇಳಿದು ಬಂದವು. ರಂಜಿತಾ ಮೇಲಿಂದ ಇಪ್ಪತ್ತು ಲೋಟ ಸೇರಿಸಿ ಕೊಟ್ಟಳು.

ಅಂದಿನಿಂದ ಹಜರತಬೀ ಊಟದ ಮನೆಯಲ್ಲಿ ಹಿತ್ತಲಿಗೆ ಹೋಗುವ ಮೊದಲು ಕಸದ ಬುಟ್ಟಿಯ ಬಳಿ ನಿಲ್ಲತೊಡಗಿದಳು. ತಾಟು ಹಿಡಿದು ಬಂದವರಿಗೆ, "ಎಂಜಲ ಇಲ್ಲಿ, ತಾಟು ಅಲ್ಲಿ ಇಡ್ರಿ" ಎಂದು ಮೆತ್ತಗೆ ಹೇಳುತ್ತಾಳೆ. ಸಾವಿರ ಸಲ ಹೇಳಿದರೂ ಅವಳ ದನಿ ಏರಿದ್ದನ್ನು ನಾನು ಕೇಳಿಲ್ಲ. ಎಂಜಲು ಮಾರೆವ್ವನ ಎಮ್ಮೆಗೆ ಹೋಗುತ್ತದೆ. ಸುತ್ತಿನ ತಳಕಲ್, ಇಟಗಿ ಊರುಗಳಿಂದಲೂ ತಾಟು ಕೇಳಿಕೊಂಡು ಬರುತ್ತಾರೆ. 2016ರಲ್ಲಿ ಸರಕಾರ ಪ್ಲಾಸ್ಟಿಕ್ ತಾಟು, ಲೋಟ ನಿಷೇಧಿಸಿದಾಗ ಪೇಟೆಯಲ್ಲಿ ಒಂದಷ್ಟು ದಿನ ಗಡಿಬಿಡಿಯಾಯಿತು. ನಮ್ಮ ಓಣಿಗೆ ಅದರ ಬಿಸಿ ತಟ್ಟಲಿಲ್ಲ. ಆಮೇಲೆ ಅಂಗಡಿಗಳಲ್ಲಿ ಅವೇ ಮತ್ತೆ ಸಿಗತೊಡಗಿದವು. ಓಣಿಯಲ್ಲಿ ಕೊಂಡವರು ಕಡಿಮೆ.

ಈಗ ಹಜರತಬೀಗೆ ಮೊಣಕಾಲು ನೋವು, ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ. ನೂರಸಾಬ ಬೋಗುಣಿ ಇಡಲು ಸೊಂಟದೆತ್ತರದ ಕಲ್ಲಿನ ಕಟ್ಟೆ ಕಟ್ಟಿಕೊಟ್ಟಿದ್ದಾನೆ. ನಿಂತು ತೊಳೆಯುತ್ತಾಳೆ.

ಹೋದ ವರ್ಷ ಕುಕನೂರಿನಿಂದ ಜುಬೇದಾಬೀ ಎಂಬವಳು ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ತಮ್ಮ ಓಣಿಯಲ್ಲೂ ಹೀಗೆ ಮಾಡಬೇಕು, ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರು. ಹಜರತಬೀ ದೊಡ್ಡ ಮಾತೇನಾದರೂ ಹೇಳುತ್ತಾಳೆಂದು ನಾನು ಕಾದೆ.

"ಮೊದಲಿಗೇ ತಾಟು ಕೂಡಿಸಬ್ಯಾಡ್ರಿ" ಎಂದಳು ಹಜರತಬೀ. "ಇಡಾಕ ಜಾಗಾ ನೋಡ್ರಿ, ಕೀಲಿ ಯಾರ ಕಡೆ ಇರಬೇಕು ಅನ್ನೂದು ಮಾತಾಡಿಕೊಳ್ರಿ. ಇಲ್ಲಂದ್ರ ಜಗಳ ಆಗತೈತಿ. ಮತ್ತ, ಯಾರ ಮನಿಗೂ ಬರಿಗೈಲೆ ಕೇಳಾಕ ಹೋಗಬ್ಯಾಡ್ರಿ."

ಹೀಗೆಂದು ಒಳಗೆ ಹೋಗಿ ಎಣಿಸಿ ಇಪ್ಪತ್ತು ತಾಟು ತಂದು, ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಜುಬೇದಾಬೀಯ ಮುಂದಿಟ್ಟಳು. ಗಂಟು ಭಾರವಿತ್ತು. ಮೂವರೂ ಸರದಿಯ ಮೇಲೆ ಹೊತ್ತುಕೊಂಡು ಬಸ್ ನಿಲ್ದಾಣದ ಕಡೆ ನಡೆದರು.