ಕೆಂಪನಂಜಪ್ಪನ ಕರಿ ಸೈಕಲ್ಲೂ ಶಾಂತರಾಜುವಿನ ಒಂಟಿ ಚಕ್ರವೂ

ಕಾಮಗೆರೆಯ ಕೆಂಪನಂಜಪ್ಪನಿಗೆ ಈ ಲೋಕದಲ್ಲಿ ಗೌರವ ಕೊಡಬೇಕು ಅನ್ನಿಸಿದ ವಸ್ತುಗಳು ಬಹಳ ಇರಲಿಲ್ಲ. ಮಾದಪ್ಪನಿಗೆ ಕೈ ಮುಗಿಯುತ್ತಿದ್ದ. ತನ್ನ ಕರಿ ಸೈಕಲ್ಲನ್ನು ದಿನಾ ಬೆಳಗ್ಗೆ ಹಳೇ ಪಂಚೆಯ ತುಂಡಿನಿಂದ ಒರೆಸುತ್ತಿದ್ದ. ಮಿಕ್ಕದ್ದೆಲ್ಲ ಅವನ ಕಣ್ಣಿಗೆ ಹೊಟ್ಟು. ಮೊಪೆಡ್ಡು ಅಂದರೆ ಸೀಮೆಎಣ್ಣೆ ಸ್ಟೌವಿಗೆ ಚಕ್ರ ಕಟ್ಟಿದ್ದು. ಆಟೋ ಅಂದರೆ ಒಂದು ಕಾಲು ಕಳಕೊಂಡ ಮೇಕೆ. ಬಸ್ಸು ಅಂದರೆ ಟಿಕೆಟ್ಟು ತೆಗೆದುಕೊಂಡು ಬೇರೆಯವರ ಕಂಕುಳು ಮೂಸುವ ಜಾಗ. ಹಿಪ್ಪುನೇರಳೆ ಸೊಪ್ಪು, ರೇಷ್ಮೆಗೂಡಿನ ಚೀಲ, ಕಾಲು ಉಳುಕಿದ ಟಗರು, ಮದುವೆಯಾದ ಹೊಸದರಲ್ಲಿ ಹೆಂಡತಿ ಪುಟ್ಟಬಸಮ್ಮ, ಎಲ್ಲರೂ ಅವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತೇ ಕೊಳ್ಳೇಗಾಲ ನೋಡಿ ಬಂದವರು.

ಸೀಟಿಗೆ ಕಾಲು ಎಟುಕದ ವಯಸ್ಸಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ, ಸೊಟ್ಟಗೆ ತೂಗಾಡಿಕೊಂಡು ಕಲಿತ ಸವಾರಿ ಅದು. ಮಂಡಿಯ ಚಿಪ್ಪು ಒಡೆದಿದೆ, ಮುಂದಿನ ಹಲ್ಲೊಂದು ಹೋಗಿದೆ. ಹಾಗೆ ಕಲಿತವನಿಗೆ ಬೇರೆ ಯಾರ ಕಲಿಕೆಯೂ ಕಲಿಕೆ ಅನ್ನಿಸುವುದಿಲ್ಲ.

ಇಂಥವನ ಎದುರಿಗೆ ಶಾಂತರಾಜು ಒಂಟಿ ಚಕ್ರ ತಂದು ನಿಲ್ಲಿಸಿದ. ಶಾಂತರಾಜು ಹೊರಗಿನವನಲ್ಲ, ಕೆಂಪನಂಜಪ್ಪನ ಚಿಕ್ಕಪ್ಪನ ಮಗ. ಮೀಸೆ ಮೂಡುವ ಮೊದಲೇ ಸರ್ಕಸ್ಸಿನವರ ಹಿಂದೆ ಹೋಗಿದ್ದ. ಸರ್ಕಸ್ಸು ಮುಚ್ಚಿದ ಮೇಲೆ ತಲೆ ಅರ್ಧ ಬೋಳಾಗಿ ಊರಿಗೆ ಬಂದ. ಜೊತೆಗೆ ತಂದದ್ದು ಆ ಒಂದೇ ಚಕ್ರ; ಅದರ ಮೇಲೊಂದು ಕಂಬಿ, ಕಂಬಿಯ ಮೇಲೊಂದು ಸೀಟು. ಹ್ಯಾಂಡಲ್ ಇಲ್ಲ, ಬ್ರೇಕ್ ಇಲ್ಲ, ಚೈನು ಇಲ್ಲ, ಬೆಲ್ಲೂ ಇಲ್ಲ. ಇಲ್ಲದ್ದನ್ನೇ ಹೆಚ್ಚುಗಾರಿಕೆ ಎಂದು ನಂಬುವವರು ಊರಲ್ಲಿ ಯಾವಾಗಲೂ ಇರುತ್ತಾರೆ. ಅವನು ಎರಡೂ ಕೈ ಚಾಚಿ, ಗಾಳಿಗೆ ಸಿಕ್ಕ ಹೊಲದ ಬೆರ್ಚಪ್ಪನ ಹಾಗೆ ತೂಗಾಡಿಕೊಂಡು ಬೀದಿಯಲ್ಲಿ ಹೊರಟರೆ ಜನ ಕೆಲಸ ಬಿಟ್ಟು ನೋಡುತ್ತಿದ್ದರು. ಸದಾಶಿವಪ್ಪನ ಟೀ ಅಂಗಡಿಯ ಮುಂದೆ ಮಾತು ದಿನದಿಂದ ದಿನಕ್ಕೆ ಉಬ್ಬಿತು.

"ರೋಡ್ನಲ್ಲಿ ನಿನ್ ಸೈಕಲ್ಗಿಂತ ಅದೇ ಜೋರಂತಲ್ಲಣ್ಣ?" ಎಂದು ಸದಾಶಿವಪ್ಪ ಒಂದು ದಿನ ಕೆದಕಿದ. "ಒಂದ್ ಚಕ್ರ ಅಂದ್ರೆ ಅರ್ಧ ಭಾರ. ಅರ್ಧ ಭಾರ ಅಂದ್ರೆ ಎಲ್ಡರಷ್ಟು ಓಟ. ಶಾಂತ ಏಳ್ತಿದ್ದ."

"ಅಂಗಾದ್ರೆ ಚಕ್ರನೇ ಇಲ್ದೆ ಓಗು. ಇನ್ನೂ ಜೋರು," ಎಂದ ಕೆಂಪನಂಜಪ್ಪ.

ಕೂತಿದ್ದವರು ನಕ್ಕರು. ಕೆಂಪನಂಜಪ್ಪ ನಗಲಿಲ್ಲ. ಅಲ್ಲೇ ಟೀ ಕುಡಿಯುತ್ತ ಕೂತಿದ್ದ ಶಾಂತರಾಜುವಿನ ಒಂಟಿ ಚಕ್ರವನ್ನು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ಎತ್ತಿ ಎಲ್ಲರಿಗೂ ತೋರಿಸಿದ.

"ಕಣ್ ಬುಟ್ಕಂಡು ನೋಡ್ರಲಾ. ಪೆಡ್ಲು ಸೀದಾ ಚಕ್ರಕ್ಕೇ ಬಡ್ದವ್ರೆ. ಕಾಲು ಒಂದ್ ಸುತ್ತು ಬಂದ್ರೆ ಚಕ್ರನೂ ಒಂದೇ ಸುತ್ತು. ನಂದು ಅಂಗಲ್ಲ. ಮುಂದೆ ದೊಡ್ ಹಲ್ ಚಕ್ರ, ಇಂದೆ ಚಿಕ್ಕದು. ನಾನೊಂದ್ ಸುತ್ತು ತುಳುದ್ರೆ ಇಂದಿನ ಚಕ್ರ ಎಲ್ಡುವರೆ ಸುತ್ತು ಓಡ್ತದ. ಇಳಿಜಾರು ಬಂತಾ, ಕಾಲು ನಿಲ್ಸಿ ಬೀಡಿ ಅಚ್ಕಂಡು ಓಯ್ತೀನಿ. ಇವ್ನು ಇಳಿಜಾರ್ನಲ್ಲೂ ತುಳೀಬೇಕು. ನಿಲ್ಸುದ್ರೆ ಮೂತಿ ನೆಲಕ್ಕೆ!"

ಶಾಂತರಾಜು ಟೀ ಲೋಟ ಕೆಳಗಿಟ್ಟು ನಕ್ಕ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ, ಅದೇ ಕೆಂಪನಂಜಪ್ಪನಿಗೆ ಉರಿ. "ಬಾಯಲ್ಲಿ ಯಾಕಣ್ಣ ಓಡ್ಸ್ತೀಯೆ? ರಾಣಿ ಮದ್ವೆಗೆ ಅನೂರ್ಗೆ ಇಬ್ರೂ ಓಗ್ಬೇಕು. ಅವತ್ತೇ ನೋಡನ."

ರಾಣಿ ಎಂದರೆ ಕೆಂಪನಂಜಪ್ಪನ ತಂಗಿ ರತ್ನಳ ಮಗಳು. ರತ್ನಳನ್ನು ಹನೂರಿಗೆ ಕೊಟ್ಟಿತ್ತು. ಅವರ ಮನೆತನದಲ್ಲಿ ಒಂದು ಕಟ್ಟು ಇದೆ: ಹೆಣ್ಣಿನ ಕೊರಳ ಹಾರವನ್ನು ಸೋದರಮಾವನೇ ತನ್ನ ತೋಟದ ಹೂವಲ್ಲಿ ಕಟ್ಟಿ ತರಬೇಕು, ಅವನೇ ಕೈ ಹಿಡಿದು ಹಸೆಮಣೆಗೆ ಕರೆತರಬೇಕು. ಹಿರಿಯ ಸೋದರಮಾವ ಕೆಂಪನಂಜಪ್ಪ. ಮಕ್ಕಳಿಲ್ಲದ ಅವನಿಗೆ ರಾಣಿಯ ಕೈ ಹಿಡಿದು ನಾಲ್ಕು ಹೆಜ್ಜೆ ನಡೆಯುವುದು ಅವಳು ತೊಟ್ಟಿಲಲ್ಲಿದ್ದಾಗಿನಿಂದ ಕಾದಿಟ್ಟುಕೊಂಡ ಆಸೆ. ಅದಕ್ಕೆಂದೇ ಬಾವಿಯ ಪಕ್ಕ ಸುಗಂಧರಾಜ ಹಾಕಿದ್ದ. ಅಂಥದ್ದನ್ನು ತಿರಸ್ಕಾರದ ಬಾಯಿ ಒಂದು ಗಳಿಗೆಯಲ್ಲಿ ಬೀದಿಗೆ ತಂದಿತು.

"ಕೇಳ್ಲಾ, ನಿನ್ ಚಕ್ರ ನನ್ ಸೈಕಲ್ಗಿಂತ ಮುಂಚೆ ಛತ್ರದ ಬಾಗ್ಲು ದಾಟ್ತು ಅಂದ್ರೆ ರಾಣಿ ಕೈನ ನೀನೇ ಇಡ್ಕ. ನಾನು ಅಡುಗೆ ಒಲೆತಾವ ನಿಂತ್ಕತೀನಿ. ನಾನಂತೂ ಕಾಮಗೆರೆಲಿ ಅತ್ತಿದವ್ನು ಅನೂರಲ್ಲೇ ಇಳಿಯೋದು. ನಡುವೆ ಕಾಲು ನೆಲಕ್ಕೆ ಊರ್ದ್ರೆ ಕೇಳು!"

ಸುದ್ದಿ ಹನೂರು ಮುಟ್ಟಿತು. ರತ್ನ ಫೋನಿನಲ್ಲೇ ಬೈದಳು. "ಅಣ್ಣಯ್ಯ, ನಿಮ್ಮಿಬ್ರ ಕೋಳಿ ಜಗಳಕ್ಕೆ ನನ್ ಮಗ್ಳು ಮದ್ವೆನೇ ಸಿಕ್ತಾ? ಕಾರ್ ಕಳ್ಸ್ತೀನಿ, ಅಚ್ಚುಕಟ್ಟಾಗಿ ಕೂತ್ಕಂಡ್ ಬಾ."

"ಕಾರು ನಿನ್ ಬೀಗ್ರಿಗೆ ಕಳ್ಸವ್ವ. ಅವ್ರಿಗೆ ಸೊಂಟ ಇಲ್ಲ."

ಪುಟ್ಟಬಸಮ್ಮ ಗಂಡನ ಜೊತೆ ಮಾತು ದಂಡ ಎಂದುಕೊಂಡು ಹಿಂದಿನ ದಿನವೇ ಬಸ್ಸು ಹತ್ತಿದಳು.

ಮದುವೆಯ ಬೆಳಗ್ಗೆ ಕೆಂಪನಂಜಪ್ಪ ಇಬ್ಬನಿ ಇರುವಾಗಲೇ ಹೂ ಬಿಡಿಸಿ ಹಾರ ಕಟ್ಟಿದ, ಬಾಳೆಎಲೆಯಲ್ಲಿ ಸುತ್ತಿ ಕ್ಯಾರಿಯರಿಗೆ ಬಿಗಿದ. ಟೀ ಅಂಗಡಿಯ ಮುಂದೆ ಇಬ್ಬರೂ ಹೊರಟರು. ಸದಾಶಿವಪ್ಪ ಶಿಳ್ಳೆ ಹಾಕಿದ.

ಪೈಪೋಟಿ ಎಂದು ಅದಕ್ಕೆ ಹೆಸರಿಡುವುದೇ ದಂಡ. ಊರು ದಾಟುವ ಹೊತ್ತಿಗೆ ಶಾಂತರಾಜು ಹಿಂದೆ ಬಿದ್ದಿದ್ದ. ಎದುರು ಗಾಳಿಗೆ ಕೆಂಪನಂಜಪ್ಪ ಹ್ಯಾಂಡಲ್ ಮೇಲೆ ಬಗ್ಗಿದ. ಶಾಂತರಾಜು ಬಗ್ಗಿದರೆ ಉರುಳುತ್ತಾನೆ, ನೆಟ್ಟಗೆ ಕೂತು ಗಾಳಿಯನ್ನೆಲ್ಲ ಎದೆಗೆ ತಿಂದ. ಲಾರಿಯೊಂದು ಹಾರನ್ ಹೊಡೆದರೆ ಮಣ್ಣಿಗಿಳಿದು, ಅಲ್ಲಾಡಿ, ಸರಿಮಾಡಿಕೊಂಡು ಮತ್ತೆ ಟಾರಿಗೆ ಹತ್ತಬೇಕು. ಇಳಿಜಾರಿನಲ್ಲಿ ಕೆಂಪನಂಜಪ್ಪ ಕಾಲು ನಿಲ್ಲಿಸಿ, ಫ್ರೀವೀಲಿನ ಕಿರ್‌ ಸದ್ದು ಕೇಳುತ್ತ ಜಾರಿದ. ತಿರುಗಿ ನೋಡಿದ. ದೂರದಲ್ಲಿ ಶಾಂತರಾಜುವಿನ ಕಾಲುಗಳು ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಕುಟ್ಟುತ್ತಿದ್ದವು. ಅಷ್ಟು ಕುಟ್ಟಿದರೂ ಚಕ್ರ ಬಸುರಿ ಎಮ್ಮೆಯ ನಡಿಗೆಯಲ್ಲೇ ಇತ್ತು.

"ಥೂ," ಎಂದ ಕೆಂಪನಂಜಪ್ಪ. "ಇವ್ನ್ ಜೊತೆ ಪಂಥ ಕಟ್ಟಿದ್ನಲ್ಲ, ನಂಗೇ ಅವ್ಮಾನ."

ಮುಂದಿನ ತಿರುವಿನ ಆಚೆಗೆ ಶಾಂತರಾಜು ಕಣ್ಣಿಗೇ ಬೀಳಲಿಲ್ಲ. ಹನೂರು ಹತ್ತಿರವಾಯಿತು. ಅಲ್ಲಿ ರಸ್ತೆಯ ತುಂಬ ಹುರುಳಿ ಹಾಸಿತ್ತು. ಕಣ ಮಾಡುವ ಗೋಜು ಯಾರಿಗೆ ಬೇಕು? ಕಿತ್ತ ಹುರುಳಿ ಬಳ್ಳಿಯನ್ನು ಟಾರು ರಸ್ತೆಗೆ ಹರಡಿದರೆ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಹುರುಳಿಯ ಒಡತಿ ಸೋಮಮ್ಮ ಬದಿಯಲ್ಲಿ ಕವೆಗೋಲು ಹಿಡಿದು ನಿಂತಿದ್ದಳು, ರತ್ನಳ ಬೀದಿಯವಳು.

"ಯಣ್ಣೋ, ಇಳ್ಕ! ಇಳ್ದು ಎತ್ಕಂಡು ಓಗು. ಬಳ್ಳಿ ಚೈನಿಗೆ ಸುತ್ಕತದ!"

ಇದು ಅವಳು ಹೇಳಿಕೊಡಬೇಕಾದ ಮಾತಲ್ಲ. ಹುರುಳಿ ಕಂಡಲ್ಲೆಲ್ಲ ಇಳಿದು, ಸೈಕಲ್ಲು ಹೆಗಲಿಗೆ ಎತ್ತಿ ದಾಟಿಯೇ ಕೆಂಪನಂಜಪ್ಪನ ಆಯುಷ್ಯ ಕಳೆದಿತ್ತು. ಆದರೆ ಕಾಲು ನೆಲಕ್ಕೆ ಊರುವುದಿಲ್ಲ ಎಂದು ಟೀ ಅಂಗಡಿಯ ಮುಂದೆ ಹೇಳಿಯಾಗಿತ್ತು. ಆ ಕೋತಿಯ ಚಕ್ರಕ್ಕೆ ಹೆದರಿ ಇಳಿದ ಅಂತ ನಾಳೆ ಯಾರಾದರೂ ಅಂದರೆ?

"ನಿನ್ ಉಳ್ಳಿ ನನ್ ಸೈಕಲ್ಗೆ ಯಾವ್ ಲೆಕ್ಕ, ಸರ್ಕಮ್ಮಿ!" ಎಂದು ಬೆಲ್ಲು ಹೊಡೆದು ನುಗ್ಗಿದ.

ಅರ್ಧ ದಾಟುವಷ್ಟರಲ್ಲಿ ಪೆಡಲ್ಲು ಗಟ್ಟಿಯಾಯಿತು. ಎದ್ದು ನಿಂತು ತುಳಿದ. ಬಳ್ಳಿ ಇನ್ನಷ್ಟು ಬಿಗಿಯಿತು. ಸೈಕಲ್ಲು ನಿಂತಿತು, ಕೆಂಪನಂಜಪ್ಪ ಹುರುಳಿಯ ಮೇಲೆ ಮಗ್ಗುಲಾದ. ಎಲೆಯೊಳಗಿನ ಹಾರಕ್ಕೆ ಏನೂ ಆಗಲಿಲ್ಲ. ಚೈನು, ಫ್ರೀವೀಲು, ಹಿಂದಿನ ಅಚ್ಚು ಮೂರೂ ಒಂದೇ ಹುರಿಯಾಗಿ ಹೆಣೆದುಕೊಂಡಿದ್ದವು. ಸೈಕಲ್ಲನ್ನು ಬದಿಗೆ ಎಳೆದು ಬೆರಳಲ್ಲಿ ಕಿತ್ತ, ಹಲ್ಲಲ್ಲಿ ಎಳೆದ. ಸೋಮಮ್ಮ ಕುಡುಗೋಲು ತಂದು ಕೊಟ್ಟಳು, ಜೊತೆಗೆ ನಾಲ್ಕು ಮಾತನ್ನೂ. "ಏಳ್ದೆ ಕಣಪ್ಪ, ಬಾಯ್ ಬಡ್ಕಂಡ್ ಏಳ್ದೆ. ಬೆಲ್ಲು ಒಡೀತಾನೆ ಬೆಲ್ಲು! ಉಳ್ಳಿಗೆ ಕಿವಿ ಅದಾ?"

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ರತ್ನ. "ಎಲ್ಲಿದ್ದೀಯಣ್ಣಯ್ಯ? ಎಣ್ಣ ಕರ್ಕಂಬನ್ನಿ ಅಂತ ಅಯ್ನೋರು ಕೂಗ್ತಾವ್ರೆ. ಆರ ಎಲ್ಲಿ?"

"ಬಂದೆ ಕಣವ್ವ, ಬಂದೆ."

ಅಷ್ಟರಲ್ಲಿ ತಿರುವಿನಲ್ಲಿ ಶಾಂತರಾಜು ಕಾಣಿಸಿದ. ಬೆವರಲ್ಲಿ ನೆನೆದು ತೊಪ್ಪೆಯಾಗಿದ್ದ. ಹುರುಳಿಯ ಅಂಚಿಗೆ ಬಂದು ಜಿಗಿದಿಳಿದ, ಒಂಟಿ ಚಕ್ರವನ್ನು ಕಂಕುಳಲ್ಲಿ ಇರುಕಿ, ಕೊಡೆ ಹಿಡಿದವನ ಹಾಗೆ ಆರಾಮಾಗಿ ನಡೆದು ದಾಟಿದ. ಪಕ್ಕದಲ್ಲಿ ನಿಂತು ಸೈಕಲ್ಲು ನೋಡಿದ. ಆಡಿಕೊಳ್ಳಲಿಲ್ಲ.

"ಆರ ಕೊಡಣ್ಣ. ಮೂರ್ತ ಮೀರ್ತದ."

ಕೆಂಪನಂಜಪ್ಪ ಅವನ ಮುಖ ನೋಡಿದ, ಚಕ್ರ ನೋಡಿದ. "ಎಲ್ಲಿಕ್ಕಂಡೀಯ್ಲಾ? ಕ್ಯಾರಿಯರ್ ಅದಾ? ಕೈಲಿ ಇಡ್ಕಂಡ್ರೆ ಉಳ್ಳಾಡ್ತೀಯ. ಕತ್ಗೆ ಆಕ್ಕಂಡ್ ಓದ್ರೆ ನೀನೇ ಗಂಡು ಅಂತ ಓಲ್ಗ ಊದ್ತಾರೆ."

"ಅಣ್ಣ, ರಾಣಿ ಕಾಯ್ತಾ ಅದ."

ಕೆಂಪನಂಜಪ್ಪ ಕುಡುಗೋಲು ಕೆಳಗಿಟ್ಟ. ತನ್ನ ಟವೆಲ್ಲು ಬಿಚ್ಚಿ, ಹಾರದ ಗಂಟನ್ನು ತಮ್ಮನ ಬೆನ್ನಿಗೆ ತಾನೇ ಕಟ್ಟಿದ. ಗಂಟು ಸಡಿಲಾಗಿದೆಯೋ ಎಂದು ಜಗ್ಗಿ ನೋಡಿದ, ಕೂಸಿನ ಜೋಳಿಗೆ ಜಗ್ಗಿದ ಹಾಗೆ. "ಬಿದ್ದೀಯೆ, ಉಸಾರು. ನೀ ಬಿದ್ರೆ ಚಿಂತಿಲ್ಲ, ಊವ."

ಶಾಂತರಾಜು ಏನನ್ನೂ ಹಿಡಿದುಕೊಳ್ಳದೆ ಟಣ್ಣನೆ ಸೀಟಿಗೆ ಹಾರಿ, ಕೈ ಚಾಚಿ ತೂಗಾಡುತ್ತ ಹೋದ.

ಬಳ್ಳಿ ಬಿಡಿಸಿದರೂ ಫ್ರೀವೀಲು ಹಿಡಿದುಬಿಟ್ಟಿತ್ತು. ಕೆಂಪನಂಜಪ್ಪ ಸೈಕಲ್ಲನ್ನು ತಳ್ಳಿಕೊಂಡು ಓಡುನಡಿಗೆಯಲ್ಲಿ ಛತ್ರ ಮುಟ್ಟಿದಾಗ ಒಳಗೆ ಓಲಗ ಏರಿತ್ತು. ಬಾಗಿಲ ಗೋಡೆಗೆ ಒಂಟಿ ಚಕ್ರ ಒರಗಿ ನಿಂತಿತ್ತು. ಬಾಗಿಲಲ್ಲಿ ನಿಂತು ಇಣುಕಿದ. ಸುಗಂಧರಾಜದ ಹಾರ ರಾಣಿಯ ಕೊರಳಲ್ಲಿತ್ತು. ಅವಳ ಕೈ ಹಿಡಿದವನು ಇನ್ನೂ ಬೆವರುತ್ತಿದ್ದ. ರಾಣಿ ಎರಡು ಹೆಜ್ಜೆಗೊಮ್ಮೆ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದಳು.

ರತ್ನ ಓಡಿಬಂದು ತೋಳು ಹಿಡಿದಳು. "ಬಾ ಅಣ್ಣಯ್ಯ, ಇನ್ನೂ ನಾಕ್ ಎಜ್ಜೆ ಅದ. ನೀನು ಇಡ್ಕ ಬಾ."

"ಬುಡು, ರತ್ನ. ಆಡಿದ್ದು ಆಡ್ಬುಟ್ಟೆ." ತೋಳು ಬಿಡಿಸಿಕೊಂಡು ಗೋಡೆಯ ಬದಿಯಿಂದ ಸುತ್ತಿ ಅಡುಗೆಯ ಕಡೆ ಹೋದ.

ಅಲ್ಲಿ ಒಲೆಯ ಹೊಗೆಯೊಳಗೆ ನಿಂತು ಅಕ್ಷತೆಯ ಗದ್ದಲ ಕೇಳಿದ. ಕಣ್ಣೊರೆಸಿಕೊಂಡ. ಅಡುಗೆಯವನು ನೋಡಿದ್ದಕ್ಕೆ, ಸೌದೆ ಹಸಿಯದು, ಇದನ್ನು ತಂದ ಮುಠ್ಠಾಳ ಯಾರು ಎಂದು ಗದರಿದ. ಪಂಥ ಗೆದ್ದದ್ದು ಆ ಚಕ್ರವೂ ಅಲ್ಲ, ಸೋತದ್ದು ಈ ಸೈಕಲ್ಲೂ ಅಲ್ಲ. ಸೈಕಲ್ಲಿನ ಮೇಲೆ ಕೂತಿದ್ದ ಹೆಡ್ಡ ಸೋತದ್ದು. ಅದು ಅವನಿಗೆ ಗೊತ್ತಿತ್ತು. ಊರಿಗೆಲ್ಲ ಹಂಚುತ್ತಿದ್ದ ತಿರಸ್ಕಾರದಲ್ಲಿ ಒಂದು ಪಾಲು ಇವತ್ತು ತನ್ನ ಎಲೆಗೂ ಬಿತ್ತು.

ಧಾರೆ ಮುಗಿದ ಮೇಲೆ ಶಾಂತರಾಜು ಅವನನ್ನು ಹುಡುಕಿಕೊಂಡು ಬಂದ. "ಊಟಕ್ಕೆ ಬಾಣ್ಣ. ರಾಣಿ ಕರೀತಾ ಅದ, ದೊಡ್ಡಮಾವ ಬರ್ದೆ ಎಲೆ ಮುಂದೆ ಕೂರಕಿಲ್ಲ ಅಂತದ."

ಕೆಂಪನಂಜಪ್ಪ ಕದಲಲಿಲ್ಲ. "ಒಂದ್ ಮಾತು ಏಳು, ಆಮೇಕೆ ಬತ್ತೀನಿ. ಆ ಉಳ್ಳಿ ಸಿಕ್ಕೋಗಂಟ ನೀನು ಎಲ್ಲಿದ್ದೆ?"

ಶಾಂತರಾಜು ತಲೆ ಕೆರೆದುಕೊಂಡ. "ಇಂದೆ."

"ಎಷ್ಟು ಇಂದೆ?"

"ನೀನು ಕಣ್ಗೇ ಕಾಣ್ತಿರ್ಲಿಲ್ಲ ಕಣಣ್ಣ. ರೋಡ್ನಲ್ಲಿ ಸೈಕಲ್ ಇಡಿಯಾಕೆ ಆಗದು ಬುಡು, ನಂಗ್ ಮೊದ್ಲೇ ಗೊತ್ತಿತ್ತು."

"ಜೋರಾಗ್ ಏಳ್ಲಾ," ಎಂದ ಕೆಂಪನಂಜಪ್ಪ, ಟವೆಲ್ಲಿಗಾಗಿ ಕೈ ಚಾಚುತ್ತ. "ಈ ಅಡುಗೆಯೋರ್ಗೂ ಕೇಳ್ಲಿ."